ಒನಕೆ ಹಿಡಿದವಳು, ಊಟ ಬಡಿಸಿದವಳು: ಹಳೆಯ ಹಾಡುಗಳನ್ನು ಓದುವ ಬಗೆ

‘ಹೆಣ್ಣಿನ ಪಾತ್ರದ ಬಗ್ಗೆ ಬಂದ ಹಳೆಯ ಜನಪ್ರಿಯ ಹಾಡುಗಳು ಹೆಣ್ಣನ್ನು ಕೀಳಾಗಿ ಕಾಣುತ್ತವೆಯೇ?’ ಈ ಪ್ರಶ್ನೆಗೆ ಉತ್ತರ ಬರೆಯುವಾಗ ನಮ್ಮಲ್ಲಿ ಜಾಸ್ತಿ ಜನ ಮೊದಲ ಸಾಲಲ್ಲೇ ಹೌದು ಅಥವಾ ಇಲ್ಲ ಎಂದು ಬರೆದುಬಿಡುತ್ತೇವೆ. ಆಮೇಲೆ ಉತ್ತರ ಮುಂದಕ್ಕೆ ಹೋಗುವುದಿಲ್ಲ. ದಾವಣಗೆರೆಯಲ್ಲಿ ನಾವು ನಾಲ್ಕು ಜನ ಭಾನುವಾರ ಕೂತು ಓದುವಾಗ ಹೀಗೇ ಆಯಿತು. ಅದಕ್ಕೇ ಈ ಟಿಪ್ಪಣಿ.

ಹಾಡು ಕೈಗೆತ್ತಿಕೊಂಡಾಗ ನಾನು ನೋಡುವುದು ಇಷ್ಟು. ಹಾಡಿನಲ್ಲಿ ಮಾತಾಡುತ್ತಿರುವವರು ಯಾರು? ಆ ಮಾತು ಕಟ್ಟಿದವರು ಯಾರು? ‘ನಾನು ಹಾಗಿರಲಾರೆ’ ಎನ್ನುವ ಹೆಣ್ಣಿಗೆ ಆ ಹಾಡಿನಲ್ಲಿ ಜಾಗ ಇದೆಯೇ? ನನಗೆ ಮೂರನೆಯದೇ ಮುಖ್ಯ. ಅಡುಗೆಮನೆ, ಮಗು, ತೊಟ್ಟಿಲು ಬಂದ ಮಾತ್ರಕ್ಕೆ ಹಾಡು ಕೆಟ್ಟದಾಗುವುದಿಲ್ಲ. ಅವಳಿಗೆ ಬೇರೆ ದಾರಿಯೇ ಇಲ್ಲ ಎಂದಾಗ ತೊಂದರೆ ಶುರು.

ನಮ್ಮ ಸೀಮೆಯದೇ ಉದಾಹರಣೆ ನೋಡೋಣ. ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ ಬಂದದ್ದು 1972ರಲ್ಲಿ. ಕಥೆ ತ.ರಾ.ಸು. ಅವರದು, ಚಿತ್ರೀಕರಣ ಚಿತ್ರದುರ್ಗದ ಕೋಟೆಯಲ್ಲಿ. ಅದರಲ್ಲಿ ಒನಕೆ ಓಬವ್ವನ ಹಾಡಿದೆ. ದನಿ ಪಿ.ಬಿ. ಶ್ರೀನಿವಾಸ್, ಓಬವ್ವನಾಗಿ ಜಯಂತಿ. ರಾಜ್ಯೋತ್ಸವ ಬಂದರೆ ಈಗಲೂ ಹೆಣ್ಣುಮಕ್ಕಳು ಒನಕೆ ಹಿಡಿದು ಅದಕ್ಕೆ ಕುಣಿಯುತ್ತಾರೆ. ಆರನೇ ಕ್ಲಾಸಿನಲ್ಲಿ ನಾನೂ ಕುಣಿದಿದ್ದೆ.

ಕಥೆ ಗೊತ್ತೇ ಇದೆ. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತ್ತು. ಕಾವಲಿನ ಗಂಡ ಊಟಕ್ಕೆ ಬಂದಿದ್ದ. ನೀರಿಗೆ ಹೋದ ಓಬವ್ವ ಕಿಂಡಿಯಲ್ಲಿ ಶತ್ರುಗಳು ನುಸುಳುವುದನ್ನು ಕಂಡಳು. ಮನೆಯ ಒನಕೆ ತಂದು, ತಲೆ ತೂರಿಸಿದವನ ತಲೆಗೆ ಹೊಡೆದಳು. ಹಾಗಾದರೆ ಗಂಡನನ್ನು ಯಾಕೆ ಕರೆಯಲಿಲ್ಲ? ಉಣ್ಣುತ್ತಿದ್ದವನನ್ನು ಎಬ್ಬಿಸಬಾರದು ಅಂತ, ಎನ್ನುತ್ತಾರೆ ನಮ್ಮ ಕಡೆಯವರು. ಈ ಮಾತು ನನ್ನನ್ನು ಬಹಳ ಕಾಡುತ್ತದೆ. ಕೋಟೆಯೇ ಹೋಗುವ ಹೊತ್ತಿನಲ್ಲೂ ಗಂಡನ ಊಟ ಕೆಡಬಾರದು! ಆದರೆ ಹಾಗೆ ಯೋಚಿಸಿದವಳೇ ಯಾರ ಅಪ್ಪಣೆಯನ್ನೂ ಕೇಳದೆ ತೀರ್ಮಾನ ಮಾಡಿದಳು. ಭತ್ತ ಕುಟ್ಟುವ ಒನಕೆಯೇ ಆಯುಧವಾಯಿತು. ಈ ಹಾಡು ಹೆಣ್ಣನ್ನು ಕೀಳು ಮಾಡುತ್ತದೆ ಎಂದರೆ ನಾನು ಒಪ್ಪುವುದಿಲ್ಲ. ಹೆಂಡತಿ ಹೀಗೇ ಇರಬೇಕು ಎನ್ನುವುದನ್ನು ಆ ಕಥೆ ಪ್ರಶ್ನಿಸುವುದೂ ಇಲ್ಲ. ಉತ್ತರದಲ್ಲಿ ಎರಡನ್ನೂ ಬರೆಯಿರಿ. ಒಂದನ್ನು ಬಿಟ್ಟರೆ ಓಬವ್ವ ಅರ್ಧವಾಗುತ್ತಾಳೆ.

ಆ ಕಾಲದ ಉಳಿದ ಚಿತ್ರಗೀತೆಗಳಲ್ಲಿ ಎರಡನೇ ಪ್ರಶ್ನೆ, ಅಂದರೆ ಮಾತು ಕಟ್ಟಿದವರು ಯಾರು ಎಂದು, ಕೇಳಲೇಬೇಕು. ಗಂಡನೇ ದೇವರು, ಮನೆಯೇ ಗುಡಿ ಎನ್ನುವ ಹಾಡುಗಳಲ್ಲಿ ‘ನಾನು’ ಎನ್ನುವುದು ಹೆಣ್ಣಿನ ದನಿ. ಬರೆದವರು ಬಹುಪಾಲು ಗಂಡಸರು. ಎಸ್. ಜಾನಕಿ, ಪಿ. ಸುಶೀಲ ಅಂಥವರು ಹಾಡಿದರೆ ಅದು ಹೆಣ್ಣಿನ ಮನದ ಮಾತೇ ಅನ್ನಿಸಿಬಿಡುತ್ತದೆ, ಅಲ್ವಾ?

ಹೆಂಗಸರೇ ಕಟ್ಟಿದ ಪದಗಳಲ್ಲಿ ಏನಿದೆ? ಹೊಳಲ್ಕೆರೆ ಕಡೆಯ ನಮ್ಮಜ್ಜಿ ಬೀಸುವ ಪದ ಹೇಳುತ್ತಿದ್ದಳು. ಮೂರು ಸಾಲಿನ ತ್ರಿಪದಿ. ಗಂಡನ ಮನೆಯನ್ನು ಹೊಗಳಿದ ಪದದ ಬೆನ್ನಿಗೇ ತವರಿಗೆ ಕಳಿಸದ ಅತ್ತೆಯ ಮೇಲಿನ ಸಿಟ್ಟು ಬರುತ್ತಿತ್ತು. ಬೀಸುವ ಕಲ್ಲಿನ ಸದ್ದಿಗೆ ಅದು ಪಡಸಾಲೆಗೆ ಕೇಳುತ್ತಿರಲಿಲ್ಲವಂತೆ. ಇಂಥ ಪದಗಳನ್ನು ಹಲಸಂಗಿ ಗೆಳೆಯರು ಎಂಬ ಸಾಹಿತಿಗಳ ಬಳಗ ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿತು. ಗರತಿ ಅಂದರೆ ಪತಿವ್ರತೆ, ಒಳ್ಳೆಯ ಗೃಹಿಣಿ. ಹಾಡಿದವರು ಹೆಂಗಸರು, ಪುಸ್ತಕ ತಂದವರು ಗಂಡಸರು. ಬೈಯುವ ಪದಕ್ಕೂ ಗರತಿಯ ಹೆಸರೇ. ಆ ಹೆಸರನ್ನು ಸುಮ್ನೆ ದಾಟಬೇಡಿ.

ಇನ್ನು ಸಂಚಿ ಹೊನ್ನಮ್ಮ. ಮೈಸೂರಿನ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಅರಮನೆಯಲ್ಲಿದ್ದ ಕವಯಿತ್ರಿ. ಅವಳ ‘ಹದಿಬದೆಯ ಧರ್ಮ’ ಇರುವುದು ಸಾಂಗತ್ಯದಲ್ಲಿ, ಅಂದರೆ ಹಾಡಲು ಒಗ್ಗುವ ಛಂದಸ್ಸಿನಲ್ಲಿ. ಪತಿವ್ರತೆ ಹೇಗಿರಬೇಕು ಅಂತಲೇ ಬರೆದ ಕೃತಿ. ಅದರ ನಡುವೆಯೇ, ಹೆಣ್ಣೆಂದು ಯಾಕೆ ಹೀಗಳೆಯುತ್ತೀರಿ, ಹೆತ್ತವಳು ಹೆಣ್ಣಲ್ಲವೇ ಎಂದು ಕೇಳುತ್ತಾಳೆ. ನಾವೆಲ್ಲ ಬಾಯಿಪಾಠ ಮಾಡಿರುವುದು ಆ ಒಂದೇ ಪದ್ಯ. ಅದರ ಹಿಂದು ಮುಂದಿನ ಪದ್ಯಗಳನ್ನು ಓದಲು ಮುಂದಿನ ಭಾನುವಾರ ಕೂರುತ್ತೇವೆ.