ಭೇದಿ ಮಾತ್ರೆ ಅಷ್ಟೇ ಅಲ್ವಾ ಡಾಕ್ಟ್ರೇ?

ಆ ಹುಡುಗ ಬಾತ್‌ರೂಮಿನಲ್ಲಿ ದಡ್ ಅಂತ ಬಿದ್ದಿದ್ದ. ಕೈಕಾಲು ಅದುರಿತ್ತು. ಒಂದೆರಡು ನಿಮಿಷದಲ್ಲಿ ತಾನೇ ಎದ್ದು ಕೂತಿದ್ದ. ಫಿಟ್ಸ್ ಬಂದಿರಬೇಕು ಅಂದುಕೊಂಡು ಅವನ ಅಕ್ಕ ತುರ್ತು ಚಿಕಿತ್ಸೆಗೆ ಕರೆತಂದರು. ನಾವೂ ಮೊದಲು ಹಾಗೇ ಅಂದುಕೊಂಡೆವು, ಇಸಿಜಿ ಕಾಗದ ಕೈಗೆ ಬರುವವರೆಗೆ.

ಹೃದಯದ ಒಂದು ಬಡಿತ ಶುರುವಾಗಿ, ಮುಂದಿನದಕ್ಕೆ ಹೃದಯ ಮತ್ತೆ ಸಿದ್ಧವಾಗಲು ಹಿಡಿಯುವ ಹೊತ್ತಿಗೆ ಕ್ಯೂಟಿ ಅಂತ ಹೆಸರು. ಗಂಡಸರಲ್ಲಿ ಇದು ಸುಮಾರು 450 ಮಿಲಿಸೆಕೆಂಡಿನ ಒಳಗಿರಬೇಕು. 500 ದಾಟಿದರೆ ನಮಗೆ ಗಾಬರಿ ಶುರು. ಅವನದು 600ರ ಮೇಲಿತ್ತು. ನಾವು ನೋಡುತ್ತಿದ್ದ ಹಾಗೇ ಮಾನಿಟರಿನ ಗೆರೆ ಹುರಿ ಹೊಸೆದಂತೆ ತಿರುಚಿಕೊಂಡಿತು, ಅವನ ಕಣ್ಣು ಮೇಲಕ್ಕೆ ಹೋಯಿತು, ಕೆಲವು ಸೆಕೆಂಡಿನಲ್ಲಿ ಬಡಿತ ತಾನಾಗಿಯೇ ಸರಿಹೋಯಿತು. ಈ ತಾಳ ತಪ್ಪಿದ ಬಡಿತಕ್ಕೆ ಟೋರ್ಸಾಡ್ ಅಂತಾರೆ. ಅದು ತಾನಾಗಿ ನಿಲ್ಲದಿದ್ದರೆ ಹೃದಯವೇ ನಿಲ್ಲಬಹುದು.

ಏನು ಮಾತ್ರೆ ತಗೊಂಡಿದ್ದೀಯಪ್ಪ ಅಂತ ಮೂರನೇ ಸಲ ಕೇಳಿದಾಗ ಅವನು ಅಕ್ಕನನ್ನು ಸ್ವಲ್ಪ ಹೊರಗೆ ಕಳಿಸಿ ಅಂದ. ಆಮೇಲೆ ಮೆಲ್ಲಗೆ ಹೇಳಿದ. ಓಪಿಯಾಯ್ಡ್, ಅಂದರೆ ಅಫೀಮಿನ ಗುಂಪಿನ, ನೋವಿನ ಮಾತ್ರೆಯ ಚಟ ಅಂಟಿಕೊಂಡಿತ್ತು, ಯಾರಿಗೂ ಗೊತ್ತಾಗದಂತೆ ಬಿಡಬೇಕು ಅಂತ ಹೊರಟಿದ್ದ, ಸಂಕಟ ತಡೆಯಲಾಗದೆ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ನುಂಗಿದ್ದ, ಒಂದೆರಡಲ್ಲ, ಸ್ಟ್ರಿಪ್‌ಗಟ್ಟಲೆ, ದಿನಾ. "ಭೇದಿ ಮಾತ್ರೆ ಅಷ್ಟೇ ಅಲ್ವಾ ಡಾಕ್ಟ್ರೇ?" ಅಂದ.

ಅವನು ದಡ್ಡನಲ್ಲ. ಲೋಪೆರಮೈಡ್ ನಿಜಕ್ಕೂ ಓಪಿಯಾಯ್ಡ್ ಗುಂಪಿನದೇ. 1969ರಲ್ಲಿ ಬೆಲ್ಜಿಯಂನ ಜಾನ್ಸೆನ್ ಕಂಪನಿಯಲ್ಲಿ ತಯಾರಾದ ಔಷಧಿ. ಜೀವಕೋಶಗಳ ಮೇಲೆ ಮಾರ್ಫಿನ್ ಹಿಡಿಯುವ ಗ್ರಾಹಕಗಳನ್ನೇ (ರಿಸೆಪ್ಟರ್) ಇದೂ ಹಿಡಿಯುತ್ತದೆ, ಆದರೆ ಕರುಳಿನ ಗೋಡೆಯಲ್ಲಿ. ಕರುಳಿನ ಓಟ ನಿಧಾನವಾಗಿ ಭೇದಿ ನಿಲ್ಲುತ್ತದೆ. ರಕ್ತಕ್ಕೆ ಸೇರುವುದೇ ತೀರಾ ಕಡಿಮೆ. ಸೇರಿದ್ದು ಮೆದುಳಿನ ಬಾಗಿಲಿಗೆ ಹೋದರೂ ಅಲ್ಲಿ ಪಿ-ಗ್ಲೈಕೋಪ್ರೋಟೀನ್ ಅನ್ನುವ ಪಂಪ್ ಅದನ್ನು ವಾಪಸ್ ತಳ್ಳುತ್ತದೆ. ಹಾಗಾಗಿಯೇ ಹೇಳಿದ ಪ್ರಮಾಣದಲ್ಲಿ ನುಂಗಿದರೆ ನಶೆ ಏರುವುದಿಲ್ಲ, ವೈದ್ಯರ ಚೀಟಿ ಇಲ್ಲದೆಯೂ ಅನೇಕ ಕಡೆ ಮಾರುತ್ತಾರೆ.

ಚಟದ ಸಂಕಟ ಇರುವುದು ಮೆದುಳಿನಲ್ಲಿ. ಅಲ್ಲಿಗೆ ಮುಟ್ಟಿಸಬೇಕೆಂದರೆ ಆ ಪಂಪ್ ಸೋಲುವಷ್ಟು ಮಾತ್ರೆ ಸುರಿಯಬೇಕು. ಆದರೆ ಆ ರಕ್ತವೇ ಹೃದಯಕ್ಕೂ ಹೋಗುತ್ತದೆ ಅಲ್ವಾ? ಮೆದುಳಿಗಿರುವಂಥ ಕಾವಲು ಹೃದಯಕ್ಕಿಲ್ಲ. ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳಿಂದ ಪೊಟ್ಯಾಶಿಯಂ ಹೊರಗೆ ಹರಿಯಬೇಕು. ಲೋಪೆರಮೈಡ್ ಜಾಸ್ತಿಯಾದರೆ ಆ ದಾರಿ ಕಟ್ಟುತ್ತದೆ, ಸೋಡಿಯಂನ ದಾರಿಯನ್ನೂ ಕಟ್ಟುತ್ತದೆ. ಅದರ ಮೇಲೆ ವಾಂತಿ ಭೇದಿಯಲ್ಲಿ ಪೊಟ್ಯಾಶಿಯಂ, ಮೆಗ್ನೀಶಿಯಂ ಹೇಗೂ ಇಳಿದಿರುತ್ತವೆ. ಮೊದಲೇ ಸೋತ ಹೃದಯಕ್ಕೆ ಇನ್ನೊಂದು ಏಟು. ಮತ್ತೆ, ಇದು ಬೇಗ ಇಳಿಯುವ ಔಷಧಿಯೂ ಅಲ್ಲ. ಮಾಮೂಲಿ ಪ್ರಮಾಣದಲ್ಲೇ ಅರ್ಧ ಕರಗಲು ಸುಮಾರು 11 ಗಂಟೆ ಬೇಕು. ವಿಪರೀತ ನುಂಗಿದವರಲ್ಲಿ ಇನ್ನೂ ಹೆಚ್ಚು. ಕೆಲವು ಆಂಟಿಬಯಾಟಿಕ್, ಫಂಗಸ್ ಮಾತ್ರೆ, ಎಚ್‌ಐವಿ ಔಷಧಿಗಳ ಜೊತೆ ರಕ್ತದಲ್ಲಿ ಇದರ ಮಟ್ಟ ಇನ್ನೂ ಏರುತ್ತದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಇದರ ಬಗ್ಗೆ ಹೃದಯದ ಎಚ್ಚರಿಕೆ ಕೊಟ್ಟಿತು. ಆಮೇಲೆ ಅಲ್ಲಿ ಚೀಟಿ ಇಲ್ಲದೆ ಮಾರುವ ಒಂದು ಪೆಟ್ಟಿಗೆಯಲ್ಲಿ 48 ಮಿಲಿಗ್ರಾಂಗಿಂತ ಜಾಸ್ತಿ ಇರದಂತೆ ಪ್ಯಾಕಿಂಗ್ ಬದಲಾಯಿತು. ಅಲ್ಲಿನ ಲೇಬಲ್ ಪ್ರಕಾರ ದೊಡ್ಡವರು ತಾವಾಗಿಯೇ ತಗೊಳ್ಳುವುದಾದರೆ ದಿನಕ್ಕೆ 8 ಮಿಲಿಗ್ರಾಂ ದಾಟಬಾರದು, ವೈದ್ಯರು ಬರೆದರೂ 16 ದಾಟಬಾರದು. ಭೇದಿಗೆ ಒಂದೆರಡು ದಿನ ಹೀಗೆ ತಗೊಂಡವರು ಇದನ್ನು ಓದಿ ಸುಮ್ನೆ ಹೆದರಬೇಡಿ. ಓಪಿಯಾಯ್ಡ್ ಬಿಡಿಸುವಾಗ ಭೇದಿಗೆಂದು ನಾವೇ ಇದನ್ನು ಮಿತಿಯಲ್ಲಿ ಬರೆಯುವುದುಂಟು.

ನನಗೆ ಬೇಜಾರಾಗುವುದು ನಾಚಿಕೆಯಿಂದ ಮುಚ್ಚಿಡುವ ವಿಷಯದಲ್ಲಿ. ಮಾದಕ ವಸ್ತು ಪತ್ತೆಯ ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಲೋಪೆರಮೈಡ್ ಸಿಗುವುದಿಲ್ಲ. ನೀವು ಹೇಳದಿದ್ದರೆ ನಮಗೆ ಗೊತ್ತಾಗುವುದಿಲ್ಲ. ಗೊತ್ತಿಲ್ಲದೆ ವಾಂತಿಗೆ ಒಂಡಾನ್ಸೆಟ್ರಾನ್ ಇಂಜೆಕ್ಷನ್ ಕೊಟ್ಟರೆ ಅದೂ ಕ್ಯೂಟಿ ಎಳೆಯುವ ಔಷಧಿಯೇ. ಉಸಿರು ಕುಗ್ಗಿದ್ದರೆ ಓಪಿಯಾಯ್ಡ್ ಪರಿಣಾಮ ಇಳಿಸುವ ನಲಾಕ್ಸೋನ್ ಸಹಾಯ ಮಾಡಬಹುದು, ಹೃದಯದ ತಾಳವನ್ನು ಅದು ಸರಿ ಮಾಡುವುದಿಲ್ಲ. ಅದಕ್ಕೆ ಮೆಗ್ನೀಶಿಯಂ ಬೇಕು, ಕೆಲವೊಮ್ಮೆ ಪೇಸ್‌ಮೇಕರ್ ತಂತಿ, ಕೆಲವೊಮ್ಮೆ ಶಾಕ್.

ಓಪಿಯಾಯ್ಡ್ ನಿಲ್ಲಿಸಿದ ಮೊದಲ ವಾರ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಮೈಕೈ ಜಜ್ಜಿದ ಹಾಗೆ, ಮೂಗು ಕಣ್ಣು ಸುರಿತ, ನಿದ್ದೆ ಇಲ್ಲ, ಕಾಲು ಒಂದು ಕಡೆ ನಿಲ್ಲುವುದಿಲ್ಲ. ಅದನ್ನು ಹಲ್ಲುಕಚ್ಚಿ ಸಹಿಸಬೇಕು ಅಂತ ನಾನು ಹೇಳುತ್ತಿಲ್ಲ. ಇದಕ್ಕೆಂದೇ ಬ್ಯುಪ್ರೆನಾರ್ಫಿನ್ ಇದೆ, ಮೆಥಡೋನ್ ಇದೆ. ಮೆಥಡೋನ್ ಕೂಡ ಕ್ಯೂಟಿ ಎಳೆಯುತ್ತದೆ, ಅದಕ್ಕೇ ಅದನ್ನು ಇಸಿಜಿ ನೋಡಿಕೊಂಡು ಕೊಡುತ್ತಾರೆ. ನಡುಕ, ಬೆವರಿಗೆ ಕ್ಲೋನಿಡಿನ್ ಇದೆ. ಇವುಗಳಿಗೆ ಅಳತೆ ಇದೆ, ಅಳೆಯುವವರು ಪಕ್ಕದಲ್ಲಿರುತ್ತಾರೆ. ಇನ್ನೊಂದು ಮಾತು. ಕೆಲವು ದಿನ ಬಿಟ್ಟ ಮೇಲೆ ಮೈಯ ತಾಳಿಕೆ ಇಳಿದಿರುತ್ತದೆ. ಸೋತು ಮತ್ತೆ ಹಳೆಯ ಪ್ರಮಾಣಕ್ಕೆ ಮರಳಿದರೆ ಉಸಿರೇ ನಿಂತುಹೋಗಬಹುದು. ಒಬ್ಬರೇ ಬಿಡಲು ಹೋಗಬೇಡಿ ಅನ್ನುವುದು ಇದಕ್ಕೂ ಸೇರಿಸಿ.

ಆ ಹುಡುಗ ನಾಲ್ಕು ದಿನ ಮಾನಿಟರ್ ಕೆಳಗಿದ್ದ. ಕ್ಯೂಟಿ ಇಳಿದ ಮೇಲೆ ಬ್ಯುಪ್ರೆನಾರ್ಫಿನ್ ಶುರು ಮಾಡಿದೆವು. ಅಕ್ಕನಿಗೆ ಅವನೇ ಎಲ್ಲವನ್ನೂ ಹೇಳಿದ. ಅವರು ಮನೆಯಿಂದ ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲದಲ್ಲಿ ತಂದು ನನ್ನ ಮೇಜಿನ ಮೇಲಿಟ್ಟು, ಒಂದೊಂದಾಗಿ ಎಣಿಸಿಕೊಟ್ಟರು.

ನೀವೂ ಹೀಗೆ ನುಂಗುತ್ತಿದ್ದರೆ ಈವತ್ತೇ ಹೋಗಿ ಇಸಿಜಿ ಮಾಡಿಸಿ, ಎಷ್ಟು ಮಾತ್ರೆ ಅಂತ ನಿಜ ಹೇಳಿ. ತಲೆ ಸುತ್ತಿ ಬಿದ್ದಿದ್ದರೆ, ಎದೆ ಡವಡವ ಅನ್ನುತ್ತಿದ್ದರೆ ನಾಳೆಗೆ ಕಾಯಬೇಡಿ, ಆಂಬುಲೆನ್ಸ್ ಕರೆಸಿ, ಖಾಲಿ ಸ್ಟ್ರಿಪ್ ಜೊತೆಗಿರಲಿ.