ಹಾಸಿಕೊಟ್ಟ ಹುಲ್ಲನ್ನು ಮೊಲ ಯಾಕೆ ಕಿತ್ತು ಬೇರೆ ಮೂಲೆಗೆ ಒಯ್ಯುತ್ತೆ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ವರ್ಷದ ಬಿಳಿ ಮೊಲವಿದೆ. ದಿನಾ ಸಂಜೆ ಗೂಡು ಗುಡಿಸಿ, ಒರೆಸಿ, ಹೊಸ ಹುಲ್ಲು ಹಾಸಿ, ಬಟ್ಟಲುಗಳನ್ನು ಅಚ್ಚುಕಟ್ಟಾಗಿ ಇಡುತ್ತೇನೆ. ಬೆಳಗ್ಗೆ ನೋಡಿದರೆ ಹುಲ್ಲೆಲ್ಲ ಒಂದು ಮೂಲೆಯಲ್ಲಿ ಗುಡ್ಡೆ, ಗೋಣಿತಟ್ಟು ಮುದ್ದೆ, ನೀರಿನ ಬಟ್ಟಲು ಬೋರಲು. ನಾನು ಹಾಸಿದ್ದು ಅದಕ್ಕೆ ಹಿಡಿಸುತ್ತಿಲ್ಲವೇ? ಏನಾದರೂ ಕಾಯಿಲೆಯೇ?

ಉತ್ತರ: ಕಾಯಿಲೆಯ ಸಾಧ್ಯತೆ ಕಡಿಮೆ. ಹಿಡಿಸುತ್ತಿಲ್ಲವೇ ಎಂದು ಕೇಳಿದರೆ, ಹೌದು, ಹಿಡಿಸುತ್ತಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಯಾರು ಹಾಸಿದ್ದರೂ ಹಿಡಿಸುತ್ತಿರಲಿಲ್ಲ. ಹೊಸ ಬಾಡಿಗೆ ಮನೆಗೆ ಹೋದ ಮೊದಲ ವಾರ ನಾವು ಮಂಚವನ್ನು ಮೂರು ಸಲ ತಿರುಗಿಸಿ ನೋಡುವುದಿಲ್ಲವೇ, ಹಾಗೆ. ನಾವು ವಾರದಲ್ಲಿ ಸುಸ್ತಾಗಿ ನಿಲ್ಲಿಸುತ್ತೇವೆ. ನಿಮ್ಮ ಮೊಲಕ್ಕೆ ಮಾತ್ರ ದಿನಾ ಸಂಜೆ ಹೊಸ ಬಾಡಿಗೆ ಮನೆ.

ಇದು ಅರ್ಥವಾಗಬೇಕಾದರೆ ಮೊದಲು ಒಂದು ಹೆಸರಿನ ಗೊಂದಲ ಬಿಡಿಸಬೇಕು. ಕನ್ನಡದಲ್ಲಿ ನಾವು ಎರಡು ಬೇರೆ ಪ್ರಾಣಿಗಳನ್ನು ಮೊಲ ಅಂತಲೇ ಕರೆಯುತ್ತೇವೆ. ರಾತ್ರಿ ಊರಿಗೆ ಹೋಗುವಾಗ ಗಾಡಿಯ ಬೆಳಕಿಗೆ ಸಿಕ್ಕಿ ರಸ್ತೆಯ ಮೇಲೆ ತಬ್ಬಿಬ್ಬಾಗಿ ನಿಲ್ಲುತ್ತದಲ್ಲ, ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆಯಿರುವ ಕಂದು ಮೊಲ, ಅದು ನಮ್ಮ ಕಾಡುಮೊಲ. ಅದು ಬಿಲ ತೋಡುವುದಿಲ್ಲ. ಹೊಲದ ಬದುವಿನಲ್ಲೋ ಕುರುಚಲು ಪೊದೆಯ ಬುಡದಲ್ಲೋ ಮೈ ಹಿಡಿಸುವಷ್ಟು ತಗ್ಗು ಮಾಡಿಕೊಂಡು ಹಗಲು ಕಳೆಯುತ್ತದೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಬಿಟ್ಟ ಕಣ್ಣು. (ಅದನ್ನು ಹಿಡಿದು ತಂದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.)

ನಿಮ್ಮ ಮನೆಯ ಬಿಳಿ ಮೊಲದ ಮೂಲ ಬೇರೆ. ಬಿಳಿಯಿರಲಿ, ಬೂದಿಯಿರಲಿ, ಜೋತುಬಿದ್ದ ಕಿವಿಯದಿರಲಿ, ಜಗತ್ತಿನ ಸಾಕುಮೊಲಗಳೆಲ್ಲ ಯುರೋಪಿನ ಒಂದೇ ಜಾತಿಯ ಸಂತತಿ. ಸ್ಪೇನ್, ಪೋರ್ಚುಗಲ್ ಕಡೆಯ ಒಣ ನೆಲ ಅದರ ತವರು. ಅಲ್ಲಿ ಅದು ಗುಂಪಾಗಿ ನೆಲದಡಿ ಬಾಳುತ್ತದೆ: ಕವಲು ಸುರಂಗಗಳು, ನಾಲ್ಕಾರು ಬಾಗಿಲು, ಮಲಗಲು ಒಂದು ಕೋಣೆ, ಮರಿ ಹಾಕಲು ಇನ್ನೊಂದು. ತೋಡುವುದರಲ್ಲಿ ಎಂಥ ಉತ್ಸಾಹ ಅಂದರೆ, ಸ್ಪೇನಿನ ಪಕ್ಕದ ಬಲೇರಿಕ್ ದ್ವೀಪದ ಜನ ಮೊಲಗಳ ಕಾಟ ತಡೆಯಲಾರದೆ ಚಕ್ರವರ್ತಿ ಅಗಸ್ಟಸನ ಬಳಿ ಸೈನ್ಯದ ನೆರವು ಬೇಡಿದರೆಂದು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಅಂಥ ವಂಶದ ಕುಡಿಗೆ ನಾವು ಎರಡು ಅಡಿ ಅಗಲದ ಗೂಡು ಕೊಟ್ಟು, ಒಂದು ಹಿಡಿ ಹುಲ್ಲು ಹಾಕಿ, ತೆಪ್ಪಗಿರು ಅನ್ನುತ್ತಿದ್ದೇವೆ.

ಬಿಲ ಅನ್ನುವುದು ಒಮ್ಮೆ ತೋಡಿ ಮುಗಿಸುವ ಕೆಲಸವಲ್ಲ. ಮಣ್ಣು ಕುಸಿಯುತ್ತೆ, ಬೇರು ಅಡ್ಡ ಬರುತ್ತೆ, ಹಾಸು ಒದ್ದೆಯಾಗುತ್ತೆ. ಕೆರೆದು, ಹಿಂದಕ್ಕೆ ತಳ್ಳಿ, ಮತ್ತೆ ತಿರುಗಿ ಮುಂಗಾಲಿನಿಂದ ಮುಂದಕ್ಕೆ ದೂಡುತ್ತಲೇ ಇರಬೇಕು. ನಿಮ್ಮ ಗೋಣಿತಟ್ಟನ್ನು ಮುದ್ದೆ ಮಾಡುವಾಗ ಒಮ್ಮೆ ಸದ್ದಿಲ್ಲದೆ ನಿಂತು ನೋಡಿ, ಇದೇ ಚಲನೆ ಕಾಣುತ್ತದೆ. ಸಮಯ ಕೂಡ ಅದೇ: ನಸುಕು ಮತ್ತು ಮುಸ್ಸಂಜೆ ಅದರ ಚಟುವಟಿಕೆಯ ಹೊತ್ತು. ನೀವು ಮಲಗಿರುವಾಗ ಕೆಲಸ ಮುಗಿದಿರುವುದಕ್ಕೆ ಕಾರಣ ಇಷ್ಟೇ. ಓಡುದಾರಿಗೆ ಅಡ್ಡ ಇರುವ ವಸ್ತುವನ್ನೂ ಅದು ಸಹಿಸುವುದಿಲ್ಲ. ಗಿಡುಗನ ನೆರಳು ಬಿದ್ದ ಕ್ಷಣ ನೇರ ಒಳಗೆ ನುಗ್ಗಬೇಕಾದ ಪ್ರಾಣಿ ಅದು. ನಿಮಗೆ ಚೆಂದ ಕಂಡ ಜಾಗದಲ್ಲಿಟ್ಟ ಆಟಿಕೆ ಅದರ ಪಾಲಿಗೆ ಬಾಗಿಲಲ್ಲಿ ಬಿದ್ದ ಕಲ್ಲು.

ಇನ್ನು ವಾಸನೆಯ ವಿಷಯ. ಮೊಲದ ಗದ್ದದ ಕೆಳಗೆ ಗ್ರಂಥಿಗಳಿವೆ. ಬಾಗಿಲ ಚೌಕಟ್ಟು, ಬಟ್ಟಲು, ನಿಮ್ಮ ಚಪ್ಪಲಿ, ಎಲ್ಲದಕ್ಕೂ ಅದು ಗದ್ದ ಉಜ್ಜುತ್ತಾ ಹೋಗುವುದು ಮುದ್ದಿಗಲ್ಲ, ಹೆಸರು ಬರೆಯುವುದಕ್ಕೆ. ನಮ್ಮ ಮೂಗಿಗೆ ಆ ಬರಹ ಕಾಣಿಸದು. ಹಾಗಾಗಿ ನಾವು ಫಿನಾಯಿಲ್ ಹಾಕಿ ಒರೆಸಿ, ಹುಲ್ಲೆಲ್ಲ ಬದಲಿಸಿ, ಅದು ಬರೆದದ್ದನ್ನೆಲ್ಲ ಒಂದೇ ಸಲಕ್ಕೆ ಅಳಿಸಿಬಿಡುತ್ತೇವೆ. ಹೊಸ ಬಾಡಿಗೆ ಮನೆ ಅಂದದ್ದು ಇದಕ್ಕೇ. ಎಷ್ಟು ಚೊಕ್ಕ ಮಾಡುತ್ತೀರೋ ಅಷ್ಟು ಕೆಲಸ ಅದಕ್ಕೆ ಹೆಚ್ಚು. ಸ್ವಚ್ಛತೆ ಬೇಡ ಅನ್ನುತ್ತಿಲ್ಲ. ಮೂತ್ರದ ಅಮೋನಿಯಾ ಅದರ ಕಣ್ಣಿಗೂ ಉಸಿರಿಗೂ ಕೆಟ್ಟದ್ದು. ಆದರೆ ಮೊಲ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮೂತ್ರ ಮಾಡುತ್ತೆ. ಆ ಮೂಲೆಯನ್ನು ದಿನಾ ತೆಗೆಯಿರಿ, ಉಳಿದದ್ದನ್ನು ವಾರಕ್ಕೊಮ್ಮೆ. ಪೂರ್ತಿ ಬದಲಿಸುವ ದಿನವೂ ಒಣಗಿರುವ ಹಳೇ ಹುಲ್ಲು ಒಂದು ಹಿಡಿ ವಾಪಸ್ ಹಾಕಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅಂದುಕೊಳ್ಳಿ. ಫಿನಾಯಿಲ್ ಬೇಡ, ನೀರಲ್ಲಿ ಬೆರೆಸಿದ ಬಿಳಿ ವಿನಿಗರ್ ಸಾಕು.

ಈಗ ಒಂದು ಮರುಪ್ರಶ್ನೆ: ನಿಮ್ಮದು ಹೆಣ್ಣೋ ಗಂಡೋ? ನೀವು ಬರೆದಿಲ್ಲ, ಉತ್ತರದ ಅರ್ಧ ಭಾಗ ಅದರ ಮೇಲೆ ನಿಂತಿದೆ. ಕಾಡಿನಲ್ಲಿ ಬಿಲ ತೋಡುವ ಕೆಲಸದ ಬಹುಪಾಲು ಹೆಣ್ಣುಗಳದ್ದು. ಒಂದು ವರ್ಷದ ಹೆಣ್ಣುಮೊಲ ಮೂಲೆ ಕೆರೆಯುವುದು, ಹುಲ್ಲು ಗುಡ್ಡೆ ಹಾಕುವುದು ಎರಡನ್ನೂ ಜೋರಾಗಿ ಮಾಡುತ್ತದೆ. ಆದರೆ ಒಂದು ದೃಶ್ಯ ಕಂಡರೆ ಕ್ಯಾಲೆಂಡರ್ ನೋಡಿ: ಹುಲ್ಲನ್ನು ಬಾಯಿ ತುಂಬ ಅಡ್ಡಡ್ಡ ಕಚ್ಚಿಕೊಂಡು, ದೊಡ್ಡ ಮೀಸೆ ಬಿಟ್ಟ ಯಕ್ಷಗಾನದ ವೇಷದ ಹಾಗೆ, ಒಂದೇ ಮೂಲೆಗೆ ಹತ್ತಾರು ಸಲ ಓಡಾಡುವುದು. ಅದು ತಿನ್ನುವುದಕ್ಕೆ ಅಲ್ಲ. ಅದು ಬಾಣಂತಿ ಕೋಣೆಯ ತಯಾರಿ.

ಮೊಲದ ಗಬ್ಬ ಸುಮಾರು 31 ದಿನ. ಆ ಅವಧಿಯಲ್ಲಿ ಗೂಡಿನ ಕೆಲಸ ಮೂರು ಹಂತದಲ್ಲಿ ನಡೆಯುತ್ತೆ. ಮೆಕ್ಸಿಕೋದ ಗೇಬ್ರಿಯೆಲಾ ಗೊನ್ಸಾಲೆಸ್-ಮರಿಸ್ಕಾಲ್ ಮತ್ತು ಅವರ ಜೊತೆಗಾರರು ದಶಕಗಟ್ಟಲೆ ಇದನ್ನೇ ಅಭ್ಯಾಸ ಮಾಡಿ, ಪ್ರತಿ ಹಂತದ ಹಿಂದೆ ಯಾವ ಹಾರ್ಮೋನು ಕೆಲಸ ಮಾಡುತ್ತದೆಂದು ಬಿಡಿಸಿದ್ದಾರೆ. ಎಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎರಡೂ ಇರುವಾಗ ತೋಡುವ ಹಂಬಲ. ಹೆರಿಗೆ ಹತ್ತಿರವಾಗಿ ಪ್ರೊಜೆಸ್ಟರಾನ್ ಇಳಿಯತೊಡಗಿದಾಗ ಹುಲ್ಲು ಹೊರುವ ಆತುರ. ಕೊನೆಗೆ ಹೊಟ್ಟೆ ಮತ್ತು ಎದೆಯ ತುಪ್ಪಳ ಸಡಿಲವಾಗುತ್ತೆ, ಅದನ್ನು ತಾನೇ ಬಾಯಲ್ಲಿ ಕಿತ್ತು ಹುಲ್ಲಿನ ಗುಳಿಗೆ ಹಾಸುತ್ತದೆ. ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವಲ್ಲ, ಆ ತುಪ್ಪಳವೇ ಅವುಗಳ ಕೌದಿ. ಕಣ್ಣು ಬಿಡಲು ಸುಮಾರು 10 ದಿನ ಬೇಕು.

ತಮಾಷೆ ಅಂದರೆ ಇದೆಲ್ಲ ನಡೆಯುವುದಕ್ಕೆ ಗಬ್ಬ ಕಟ್ಟಿರಲೇಬೇಕು ಅಂತಿಲ್ಲ. ಹಸು ಎಮ್ಮೆಗಳಂತೆ ಮೊಲಕ್ಕೆ ಇಷ್ಟು ದಿನಕ್ಕೊಮ್ಮೆ ಬೆದೆ ಅನ್ನುವ ಲೆಕ್ಕವಿಲ್ಲ. ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುವುದು. ಜೊತೆಗಿರುವ ಇನ್ನೊಂದು ಹೆಣ್ಣು ಬೆನ್ನೇರಿದರೂ ದೇಹ ಮೋಸಹೋಗಿಬಿಡುತ್ತದೆ. ಆಗ ಬರುವುದು ಸುಳ್ಳು ಗಬ್ಬ: 16ರಿಂದ 18 ದಿನ ಸಿಡುಕು, ಕೈ ಹಾಕಿದರೆ ಗುರ್ ಅನ್ನುವುದು, ಕೊನೆಗೆ ಹುಲ್ಲಿನ ಮೀಸೆ, ತುಪ್ಪಳದ ಗೂಡು. ಮರಿ ಮಾತ್ರ ಇಲ್ಲ. ಆ ಗೂಡನ್ನು ಗಲೀಜು ಎಂದು ತೆಗೆದು ಎಸೆದರೆ ಮತ್ತೆ ತುಪ್ಪಳ ಕೀಳುತ್ತದೆ, ಹೊಟ್ಟೆ ಬೋಳಾಗುತ್ತದೆ. ಒಂದಷ್ಟು ದಿನ ಬಿಟ್ಟುಬಿಡಿ, ತಾನೇ ಮರೆಯುತ್ತದೆ. ಇದು ಪದೇ ಪದೇ ಆಗುತ್ತಿದ್ದರೆ ಮೊಲಗಳ ಅನುಭವವಿರುವ ಪಶುವೈದ್ಯರ ಹತ್ತಿರ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತಾಡಿ. ಮಾಡಿಸದ ಹೆಣ್ಣುಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ಬಹಳ ಸಾಮಾನ್ಯ, ಆ ಕಾರಣಕ್ಕೂ.

ನಿಜವಾದ ಗಬ್ಬವೂ ಇರಬಹುದು, ಒಂದೇ ಮೊಲ ಅಂತ ಧೈರ್ಯದಿಂದಿರಬೇಡಿ, ತಂದು ತಿಂಗಳಾಗಿಲ್ಲದಿದ್ದರೆ. ನಮ್ಮ ಮನೆಗೆ ಅಂಗಡಿಯಿಂದ ‘ಅಕ್ಕ-ತಂಗಿ’ ಎಂದು ಬಂದ ಜೋಡಿಯಲ್ಲಿ ತಂಗಿ ಗಂಡಾಗಿತ್ತು. ಎಳೆಯ ಮೊಲಗಳಲ್ಲಿ ಹೆಣ್ಣು ಗಂಡು ಗುರುತಿಸುವುದು ಕಷ್ಟ, ಅಂಗಡಿಯವನದ್ದು ಪೂರಾ ತಪ್ಪಲ್ಲ. ಹುಲ್ಲಿನ ಮೀಸೆ ನೋಡಿ ನಾವು ನಕ್ಕು ಫೋಟೋ ತೆಗೆದೆವು, ಮರುದಿನ ಬೆಳಗ್ಗೆ ತುಪ್ಪಳದ ಗುಡ್ಡೆ ಉಸಿರಾಡುತ್ತಿತ್ತು. ಹಾಗೇನಾದರೂ ಆದರೆ ತಾಯಿ ಮರಿಗಳ ಹತ್ತಿರ ಸುಳಿಯುತ್ತಿಲ್ಲ ಎಂದು ಗಾಬರಿಯಾಗಬೇಡಿ. ಮೊಲ ದಿನಕ್ಕೆ ಒಂದೇ ಸಲ, ಮೂರ್ನಾಲ್ಕು ನಿಮಿಷ ಹಾಲೂಡಿ ಹೊರಟುಬಿಡುತ್ತದೆ. ಕಾಡಿನಲ್ಲಾದರೆ ಹೋಗುವಾಗ ಬಿಲದ ಬಾಯಿಗೆ ಮಣ್ಣು ಮುಚ್ಚಿ ಹೋಗುತ್ತದೆ. ಗಂಡನ್ನು ಮಾತ್ರ ಕೂಡಲೇ ಬೇರೆ ಮಾಡಿ, ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಮತ್ತೆ ಗಬ್ಬ ಕಟ್ಟಬಲ್ಲದು.

ಬೇಸಿಗೆಯಲ್ಲಿ ಹುಲ್ಲು ಸರಿಸಿ ಬರಿ ಸಿಮೆಂಟಿನ ಮೇಲೆ ಚಾಚಿಕೊಂಡು ಮಲಗಿದ್ದರೆ ಅದು ಬರೀ ಸೆಖೆ. 30 ಡಿಗ್ರಿ ದಾಟಿದರೆ ಮೊಲಕ್ಕೆ ಕಷ್ಟ, ಕಲಬುರಗಿ ರಾಯಚೂರಿನ ಏಪ್ರಿಲ್ ಅಂತೂ ಜೀವಕ್ಕೇ ಅಪಾಯ. ಒಂದು ಕಡಪ ಕಲ್ಲಿನ ತುಂಡನ್ನೋ, ಅಡ್ಡ ಮಲಗಿಸಿದ ಅಗಲ ಬಾಯಿಯ ಮಣ್ಣಿನ ಮಡಕೆಯನ್ನೋ ಗೂಡಿನಲ್ಲಿಡಿ.

ಗೂಡಿನ ಅಳತೆಯನ್ನು ನೀವು ಹೇಳಿಲ್ಲ. ಬ್ರಿಟನ್ನಿನ ಮೊಲ ಕ್ಷೇಮ ಸಂಸ್ಥೆ ಎರಡು ಮೊಲಗಳಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಬೇಕೆನ್ನುತ್ತದೆ. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಅದು ಒಬ್ಬ ಮನುಷ್ಯನಿಗೇ ಸಿಗುವುದಿಲ್ಲ, ನನಗೂ ಗೊತ್ತು. ಆದರೆ ಗೂಡಿನ ಬಾಗಿಲು ತೆಗೆದಿಟ್ಟು ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಹಜಾರ ಬಿಟ್ಟುಕೊಡಬಹುದು. ಒಂದೇ ಮೂಲೆಯನ್ನು ಗಂಟೆಗಟ್ಟಲೆ ಕೆರೆಯುತ್ತಾ, ಸರಳು ಕಚ್ಚುತ್ತಾ ಇದ್ದರೆ ಅದನ್ನು ಮನೆ ಜೋಡಿಸುವುದು ಅನ್ನಲಾಗದು, ಅದು ಸೆರೆವಾಸದ ಚಡಪಡಿಕೆ. ಕೆರೆಯಲು ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಒದ್ದೆ ಮಣ್ಣು ಅಥವಾ ಹರಿದ ದಿನಪತ್ರಿಕೆ ತುಂಬಿ ಕೊಡಿ, ಒಳಹೊಕ್ಕು ಕೂರಲು ಎರಡು ಬಾಗಿಲು ಕೊರೆದ ರಟ್ಟಿನ ಡಬ್ಬ. ಗೋಣಿತಟ್ಟಿನ ಅಂಚು ಬಿಚ್ಚಿಕೊಂಡಿದ್ದರೆ ತೆಗೆದುಬಿಡಿ, ಸೆಣಬಿನ ಎಳೆ ನುಂಗಿದರೆ ಕರುಳಿಗೆ ತೊಡಕು. ಸಾ ಮಿಲ್ಲಿನ ಮರದ ಹೊಟ್ಟಿನ ದೂಳೂ ಒಳ್ಳೆಯದಲ್ಲ. ಹುಲ್ಲಂತೂ ಧಾರಾಳವಾಗಿರಲಿ. ಹಾಸಿಗೆಯೂ ಅದೇ, ಊಟವೂ ಅದೇ, ತಿಂಗಳಿಗೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬೆಳೆಯುವ ಮುಂಬಲ್ಲನ್ನು ಸವೆಸುವುದೂ ಅದೇ.

ಕಾಯಿಲೆಯ ಗುರುತು ಬೇರೆ. ಸದಾ ಗೂಡು ಕಿತ್ತಾಡುತ್ತಿದ್ದ ಮೊಲ ಒಂದು ದಿನ ಹಾಸಿದ್ದನ್ನು ಹಾಗೇ ಬಿಟ್ಟು, ಮೈ ಕುಗ್ಗಿಸಿ ಕೂತು, ಹಲ್ಲು ಕಡಿಯುತ್ತಾ, ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅವತ್ತೇ ವೈದ್ಯರ ಹತ್ತಿರ ಓಡಿ. ನಾಳೆ ನೋಡೋಣ ಅನ್ನುವ ಹಾಗಿಲ್ಲ, ಕರುಳು ನಿಂತರೆ ಮೊಲ ಬೇಗ ಸಾಯುತ್ತೆ.

ಕೊನೆಗೆ ನೀರಿನ ಬಟ್ಟಲು. ಪ್ಲಾಸ್ಟಿಕ್, ಸ್ಟೀಲು ಬಟ್ಟಲನ್ನು ಹಲ್ಲಲ್ಲಿ ಕಚ್ಚಿ ಎತ್ತಿ ಎಸೆಯುವುದು ಅದಕ್ಕೆ ಆಟ, ಕೆಲವೊಮ್ಮೆ ‘ಖಾಲಿಯಾಗಿದೆ’ ಅನ್ನುವ ದೂರೂ ಹೌದು. ಭಾರದ ಬಟ್ಟಲೊಂದೇ ಪರಿಹಾರ. ನಮ್ಮಲ್ಲಿ ಅಜ್ಜಿಯ ಕಾಲದ ಪುಟ್ಟ ಕಲ್ಲಿನ ಮರಿಗೆಯನ್ನು ಇಟ್ಟಿದ್ದೇವೆ. ಎರಡು ರಾತ್ರಿ ಅದನ್ನು ಅಲುಗಾಡಿಸಲು ಒದ್ದಾಡಿತು. ಮೂರನೆಯ ಬೆಳಗ್ಗೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅಂಚಿಗೆ ಗದ್ದ ಉಜ್ಜಿ, ನೀರು ಕುಡಿಯಿತು.