ಮಿನಿ ಐಟಿಎಕ್ಸ್ ಪೆಟ್ಟಿಗೆ: ನಾಲ್ಕು ತೂತುಗಳ ಲೆಕ್ಕ

ಮಂಗಳೂರಿನ ಕುಳಾಯಿಯ ನಮ್ಮ ಮನೆಯಲ್ಲಿ ಕಂಪ್ಯೂಟರಿಗೆ ಸಿಕ್ಕಿರುವ ಜಾಗ ಟಿವಿ ಸ್ಟ್ಯಾಂಡಿನ ಕೆಳಗಿನ ಒಂದು ಖಾನೆ ಮಾತ್ರ. ಅದರೊಳಗೆ ಕೂರುವ ಹಾಗೆ ಅಲ್ಯೂಮಿನಿಯಂ ತಗಡಿನಲ್ಲಿ ಒಂದು ಪೆಟ್ಟಿಗೆ ಮಾಡುತ್ತಿದ್ದೇನೆ. ಮದರ್‌ಬೋರ್ಡ್ ಕೂರಿಸುವ ನಾಲ್ಕು ತೂತುಗಳಿಗೆ ಹೋದ ವಾರ ಕೊರೆದ ತಗಡು ಪೂರ್ತಿ ಹಾಳಾಯಿತು. ಯಾಕೆ ಅಂತ ಈಗ ಗೊತ್ತಾಗಿದೆ. ಮರೆಯುವ ಮೊದಲು ಬರೆದಿಡುತ್ತೇನೆ, ಇದೇ ಕೆಲಸಕ್ಕೆ ಕೈ ಹಾಕಿದವರಿಗೂ ಉಪಯೋಗ ಆಗಬಹುದು. ತಗಡು ಕತ್ತರಿಸುವುದು, ಅರ ಹಾಕಿ ಅಂಚು ನಯ ಮಾಡುವುದು ಎಲ್ಲ ಇದರಲ್ಲಿ ಇಲ್ಲ.

ಎತ್ತರದ ಲೆಕ್ಕ

ಮಿನಿ ಐಟಿಎಕ್ಸ್ ಅಂದರೆ ಚಿಕ್ಕ ಅಳತೆಯ ಮದರ್‌ಬೋರ್ಡ್, 170 × 170 ಮಿ.ಮೀ. ಎಸ್‌ಎಫ್‌ಎಕ್ಸ್ ಅನ್ನುವ ಚಿಕ್ಕ ಅಳತೆಯ ಪವರ್ ಸಪ್ಲೈ 125 × 100 × 63.5 ಮಿ.ಮೀ. ನನ್ನ ಪ್ರೊಸೆಸರ್ ರೈಜನ್ 5 5600ಜಿ. ಗ್ರಾಫಿಕ್ಸ್ ಅದರೊಳಗೇ ಇರುವುದರಿಂದ ಬೇರೆ ಕಾರ್ಡ್ ಬೇಡ. ಅದನ್ನು ತಣ್ಣಗಿಡುವ ಕೂಲರ್ 37 ಮಿ.ಮೀ. ಎತ್ತರದ್ದು, ನಾಕ್ಟುವಾ ಕಂಪನಿಯದ್ದು.

ಆ 37 ಅನ್ನು ಬೋರ್ಡಿನಿಂದ ಅಳೆಯುವುದಲ್ಲ. ಪ್ರೊಸೆಸರಿನ ತಲೆಯ ಮೇಲಿಂದ ಅಳೆಯುವುದು. ಹಾಗಾಗಿ ಲೆಕ್ಕ ಕೆಳಗಿನಿಂದ ಶುರು ಮಾಡಬೇಕು: ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಚಿಕ್ಕ ಕಂಬ (ಸ್ಟ್ಯಾಂಡಾಫ್) 6.35, ಬೋರ್ಡಿನ ದಪ್ಪ 1.6, ಸಾಕೆಟ್ ಮತ್ತು ಪ್ರೊಸೆಸರ್ ಸೇರಿ ಸುಮಾರು 8, ಆಮೇಲೆ 37. ಒಟ್ಟು 53 ಮಿ.ಮೀ. ಪವರ್ ಸಪ್ಲೈ ಅದಕ್ಕಿಂತ ಎತ್ತರ ಇದೆ, ಹಾಗಾಗಿ ಒಳಗಿನ ಎತ್ತರ 66 ಅಂತ ಇಟ್ಟುಕೊಂಡೆ. ಕೂಲರಿನ ಮೇಲೆ 13 ಮಿ.ಮೀ. ಖಾಲಿ ಉಳಿಯುತ್ತದೆ. ಮುಚ್ಚಳಕ್ಕೆ ಜಾಲರಿ ತಗಡು ಹಾಕಿದರೆ ಫ್ಯಾನಿಗೆ ಉಸಿರಾಡಲು ಅಷ್ಟು ಸಾಕು.

ಬೋರ್ಡ್ ಹಿಂದೆ, ಪವರ್ ಸಪ್ಲೈ ಮುಂದೆ. ಒಳಗಿನ ಅಳತೆ 174 × 310 × 66, ಅಂದರೆ ಸುಮಾರು 3.6 ಲೀಟರ್. ಗುಣಿಸಿ ಬಂದ ಸಂಖ್ಯೆಯನ್ನು 10 ಲಕ್ಷದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಪವರ್ ಸಪ್ಲೈಯನ್ನು ಅಡ್ಡ ತಿರುಗಿಸಿ, ಅದರ ಸಾಕೆಟ್ ಇರುವ ಮುಖವನ್ನು ಪಕ್ಕದ ಗೋಡೆಗೆ ಒತ್ತಿ ಇಟ್ಟಿದ್ದೇನೆ. ಕರೆಂಟಿನ ವಯರ್ ಪಕ್ಕದಿಂದ ಹೊರಡುತ್ತದೆ, ನೋಡಲು ಅಷ್ಟು ಚಂದ ಇಲ್ಲ. ಆದರೆ ಪೆಟ್ಟಿಗೆಯೊಳಗೆ 230 ವೋಲ್ಟಿನ ವಯರ್ ಎಳೆಯುವ ಕೆಲಸ ತಪ್ಪಿತು. ನನಗೆ ಅದೇ ಮುಖ್ಯ.

ನಾಲ್ಕು ತೂತು: ಚೌಕ ಅಲ್ಲ!

ನಾನು ಎಡವಿದ್ದು ಈ ತೂತುಗಳಲ್ಲೇ. ಬೋರ್ಡ್ ಚೌಕ ಇದೆ, ಮೂಲೆಗೊಂದು ತೂತು ಇದೆ, ಹಾಗಾದರೆ ತೂತುಗಳೂ ಚೌಕವಾಗಿಯೇ ಇರುತ್ತವೆ ಅಂತ ಮೊದಲು ಅಂದುಕೊಂಡಿದ್ದೆ. ಹಾಗಿಲ್ಲ. ಮೂರು ತೂತು ಮೂಲೆಯಲ್ಲಿವೆ, ಒಂದು ಒಳಗೆ ಸರಿದಿದೆ.

ಬೋರ್ಡನ್ನು ಮೇಜಿನ ಮೇಲೆ ಇಡಿ. ಭಾಗಗಳು ಮೇಲಕ್ಕೆ ಕಾಣಬೇಕು, ಯುಎಸ್‌ಬಿ ಮುಂತಾದ ಪೋರ್ಟುಗಳ ಅಂಚು ನಿಮ್ಮ ಹೊಟ್ಟೆಯ ಕಡೆಗೆ ಇರಬೇಕು. ಈಗ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ (ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸುವ ಉದ್ದ ಸೀಳು) ನಿಮ್ಮ ಬಲಕ್ಕೆ ಇರುತ್ತದೆ. ಹತ್ತಿರದ ಬಲ ತೂತು ಪೋರ್ಟಿನ ಅಂಚಿನಿಂದ 10.16 ಮಿ.ಮೀ. ಒಳಗೆ. ಹತ್ತಿರದ ಎಡ ತೂತು 33.02 ಮಿ.ಮೀ. ಒಳಗೆ. ಎರಡಕ್ಕೂ 22.86 ಮಿ.ಮೀ. ವ್ಯತ್ಯಾಸ. ದೂರದ ಎರಡು ತೂತುಗಳು ಒಂದೇ ಸಾಲಿನಲ್ಲಿವೆ. ಹತ್ತಿರದ ಬಲ ತೂತಿನಿಂದ ಆ ಸಾಲಿಗೆ 154.94, ಎಡ ತೂತಿನಿಂದ 132.08. ಎಡ ಬಲದ ಅಂತರ ಎರಡೂ ಕಡೆ 157.48.

ಸಂಖ್ಯೆಗಳು ವಿಚಿತ್ರ ಅನಿಸುತ್ತವೆ, ಅಲ್ವಾ? ಇಂಚಿಗೆ ತಿರುಗಿಸಿದರೆ ಸಲೀಸು: 0.4, 1.3, 0.9, 6.1, 5.2, 6.2. ಇಂಟೆಲ್ 1995ರಲ್ಲಿ ತಂದ ದೊಡ್ಡ ಎಟಿಎಕ್ಸ್ ಬೋರ್ಡಿನ ತೂತುಗಳಲ್ಲಿ ನಾಲ್ಕನ್ನೇ ಮಿನಿ ಐಟಿಎಕ್ಸ್ ಉಳಿಸಿಕೊಂಡಿದೆ. ಮಿನಿ ಐಟಿಎಕ್ಸನ್ನು ವಿಯಾ ಕಂಪನಿ 2001ರಲ್ಲಿ ತಂದಿತು. ಚಿಕ್ಕ ಬೋರ್ಡ್ ದೊಡ್ಡ ಪೆಟ್ಟಿಗೆಯಲ್ಲೂ ಕೂರುವುದು ಆ ನಾಲ್ಕು ತೂತುಗಳಿಂದಲೇ.

ಈ ಅಳತೆ ನೋಡಿಯೇ ನಾನು ಕೊರೆದದ್ದು. ಆದರೂ ಹಾಳಾಯಿತು. ಯಾಕಂದ್ರೆ ತಗಡಿನ ಮೇಲ್ಮುಖದಲ್ಲಿ ಗೀರು ಬೀಳಬಾರದು ಅಂತ ಹಿಂಬದಿಯಲ್ಲಿ ಗುರುತು ಹಾಕಿದ್ದೆ. ಹಿಂಬದಿಯಿಂದ ನೋಡಿದರೆ ಎಡ ಬಲ ಅದಲುಬದಲು. ಒಂದು ಎಡಗಾಲಿನ ಚಪ್ಪಲಿ ತೆಗೆದುಕೊಂಡು ಮಗುಚಿ ಇಡಿ. ಈಗ ಅದರ ಆಕಾರ ಬಲಗಾಲಿನದ್ದರ ಹಾಗೆ ಕಾಣುತ್ತದೆ. ತಗಡಿನಲ್ಲಿ ಆದದ್ದೂ ಅದೇ.

ಮೋಸ ಆಗುವುದು ಎಲ್ಲಿ ಅಂದ್ರೆ, ನಾಲ್ಕರಲ್ಲಿ ಎರಡು ತೂತು ಸರಿಯಾಗಿಯೇ ಕೂರುತ್ತವೆ. ದೂರದ ಸಾಲು ಎಡ ಬಲ ಬದಲಾದರೂ ಹಾಗೇ ಇರುತ್ತದಲ್ಲ. ಹತ್ತಿರದ ಎರಡು ಮಾತ್ರ 22.86 ಮಿ.ಮೀ. ತಪ್ಪುತ್ತವೆ, ಒಂದು ಹಿಂದಕ್ಕೆ, ಇನ್ನೊಂದು ಮುಂದಕ್ಕೆ. ನಾನು ಡ್ರಿಲ್ ಅಲುಗಾಡಿರಬೇಕು ಅಂದುಕೊಂಡು ಅರ್ಧ ದಿನ ತೂತುಗಳನ್ನು ಅರದಿಂದ ದೊಡ್ಡ ಮಾಡುತ್ತಾ ಕೂತಿದ್ದೆ. ಕೊನೆಗೆ ಬೈಕಂಪಾಡಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿಗೆ ತೆಗೆದುಕೊಂಡು ಹೋದೆ. ಅಲ್ಲಿನ ಅಣ್ಣ ಬೋರ್ಡ್ ಇಟ್ಟು ನೋಡಿ, "ಇದು ಮಗುಚಿ ಮಾರ್ಕ್ ಮಾಡಿದ್ದಲ್ವಾ ಮಾರಾಯ್ರೆ? ಎರಡು ಸರಿ ಉಂಟು, ಎರಡು ಇಲ್ಲ" ಅಂದರು. ಆಗ ತಲೆಗೆ ಹೋಯಿತು. ಎರಡು ತೂತು ಕೂತು ಎರಡು ಕೂರದಿದ್ದರೆ ತಪ್ಪು ಡ್ರಿಲ್ಲಿನದ್ದಲ್ಲ, ಮುಖದ್ದು.

ಬೋರ್ಡ್ ಕೂರುವ ಮುಖದ ಮೇಲೆಯೇ ಗುರುತು ಹಾಕಿ. ಗೀರಿನ ಹೆದರಿಕೆ ಇದ್ದರೆ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿ. ಗುರುತು ಹಾಕುವ ಮೊದಲು ಅದೇ ಟೇಪಿನ ಮೇಲೆ ಪೆನ್ನಿನಲ್ಲಿ "ಮೇಲೆ" ಮತ್ತು "ಪೋರ್ಟ್ ಈ ಕಡೆ" ಅಂತ ಬರೆಯಿರಿ. ನಾನು ಈಗ ಪ್ರತಿ ತಗಡಿನ ಮೇಲೂ ಬರೆಯುತ್ತೇನೆ.

ಹಾಳಾದ ಬೋರ್ಡೇ ಅಚ್ಚು

ಇದಕ್ಕಿಂತ ಒಳ್ಳೆಯ ದಾರಿ ಆಮೇಲೆ ಸಿಕ್ಕಿತು. ರಿಪೇರಿ ಅಂಗಡಿಯಲ್ಲಿ ಸತ್ತ ಮಿನಿ ಐಟಿಎಕ್ಸ್ ಬೋರ್ಡ್ ಇದೆಯಾ ಕೇಳಿ. ಯಾವ ಕಾಲದ್ದಾದರೂ ಆದೀತು, ತೂತಿನ ಜಾಗ ಒಂದೇ. ಅದನ್ನು ತಗಡಿನ ಮೇಲೆ ಇಟ್ಟು, ತೂತಿನೊಳಗೆ ಚೂಪು ಪೆನ್ಸಿಲಿನಿಂದ ಸುತ್ತು ಎಳೆದು, ನಡುವೆ ಸೆಂಟರ್ ಪಂಚಿನಿಂದ ಒಂದು ಏಟು. ಅಳತೆ ಪಟ್ಟಿಯೂ ಬೇಡ, ತೂತುಗಳ ಚಿತ್ರದ ಪ್ರಿಂಟೂ ಬೇಡ. ಭಾಗಗಳು ಮೇಲಕ್ಕೆ ಇರುವುದನ್ನು ಕಣ್ಣೇ ಹೇಳುತ್ತದೆ, ಹಾಗಾಗಿ ಎಡ ಬಲ ತಪ್ಪುವುದು ಕಷ್ಟ.

ಪ್ರಿಂಟ್ ತೆಗೆದೇ ಮಾಡುವುದಾದರೆ ಪ್ರಿಂಟರಿನಲ್ಲಿ 100% ಅಂತಲೇ ಇಡಬೇಕು. ಪುಟಕ್ಕೆ ಹೊಂದಿಸು ಅನ್ನುವ ಆಯ್ಕೆ ಇದ್ದರೆ ಅದು ಸುಮ್ನೆ ಕುಗ್ಗಿಸಿಬಿಡುತ್ತದೆ. 97%ಗೆ ಇಳಿದರೆ 157.48 ಅನ್ನುವುದು 152.8 ಆಗುತ್ತದೆ. ಚಿತ್ರದ ಪಕ್ಕ 100 ಮಿ.ಮೀ.ನ ಒಂದು ಗೆರೆ ಹಾಕಿ, ಪ್ರಿಂಟ್ ಬಂದ ಮೇಲೆ ಸ್ಕೇಲ್ ಇಟ್ಟು ನೋಡಿ.

ತಪ್ಪು ಜಾಗದಲ್ಲಿ ಹಾಕಿದ ಸ್ಟ್ಯಾಂಡಾಫ್ ಒಂದನ್ನೂ ಬಿಡಬೇಡಿ. ಬೋರ್ಡಿನ ಅಡಿಯ ಬೆಸುಗೆಗೆ ತಾಗಿದರೆ ಶಾರ್ಟ್ ಆಗುತ್ತದೆ. ಖಾಲಿ ತೂತು ಮಾತ್ರ ಇದ್ದರೆ ತೊಂದರೆ ಇಲ್ಲ.

ಹಿಂಬದಿ ತಗಡು

ಪೋರ್ಟಿನ ಕಿಟಕಿ 158.75 × 44.45 ಮಿ.ಮೀ. ಬೋರ್ಡಿನ ಜೊತೆ ಬರುವ ತೆಳು ಫಲಕ ಆ ಕಿಟಕಿಗೆ ಕ್ಲಿಕ್ ಅಂತ ಕೂರಬೇಕಾದರೆ ತಗಡು 1ರಿಂದ 1.3 ಮಿ.ಮೀ. ದಪ್ಪ ಇರಬೇಕು. ಉಳಿದ ಗೋಡೆಗಳಿಗೆ 2 ಮಿ.ಮೀ. ತಂದಿದ್ದೆ, ಅದರಲ್ಲಿ ಕೂರುವುದಿಲ್ಲ. ಬಂದರಿನ ಹಾರ್ಡ್‌ವೇರ್ ಅಂಗಡಿಯಿಂದ 1.2 ಬೇರೆ ತಂದೆ.

ಅರ್ತ್ ಮತ್ತು ಉಪ್ಪುಗಾಳಿ

ಪವರ್ ಸಪ್ಲೈಯ ಲೋಹದ ಮೈ ಮೂರು ಪಿನ್ನಿನ ಪ್ಲಗ್ಗಿನ ಅರ್ತಿಗೆ ಸೇರಿರುತ್ತದೆ. ಅದು ತಗಡಿಗೆ, ತಗಡು ಸ್ಟ್ಯಾಂಡಾಫಿಗೆ, ಸ್ಟ್ಯಾಂಡಾಫ್ ಬೋರ್ಡಿಗೆ ತಾಗಿರಬೇಕು. ಪೇಂಟ್ ಮತ್ತು ಆನೋಡೈಸ್ (ಅಲ್ಯೂಮಿನಿಯಂ ಮೇಲಿನ ರಕ್ಷಣೆಯ) ಪದರ ಕರೆಂಟ್ ಬಿಡುವುದಿಲ್ಲ. ಹಾಗಾಗಿ ತಾಗುವ ಜಾಗದಲ್ಲಿ ಲೋಹ ಬರಿದಾಗಿಯೇ ಇರಬೇಕು.

ಆದರೆ ಇಲ್ಲಿ ಸಮುದ್ರ ಹತ್ತಿರ. ಕಬ್ಬಿಣದ ತಗಡಿಗೆ ಪೇಂಟ್ ಒಂದು ಕಡೆ ಕಿತ್ತರೂ ಒಂದು ಮಳೆಗಾಲದಲ್ಲಿ ತುಕ್ಕು ಏಳುತ್ತದೆ. ಅದಕ್ಕೇ ಅಲ್ಯೂಮಿನಿಯಂ. ಅದರಲ್ಲೂ ಒಂದು ವಿಷಯ ಉಂಟು: ಅಲ್ಯೂಮಿನಿಯಂಗೆ ಸ್ಟೀಲಿನ ಸ್ಕ್ರೂ ಹಾಕಿದ ಕಡೆ ಉಪ್ಪು ತೇವ ಕೂತರೆ ಅಲ್ಯೂಮಿನಿಯಂ ನಿಧಾನಕ್ಕೆ ಸವೆದು ಬಿಳಿ ಪುಡಿ ಬರುತ್ತದೆ. ಹೊರಗಿನ ಸ್ಕ್ರೂಗಳ ಕೆಳಗೆ ನೈಲಾನ್ ವಾಷರ್ ಹಾಕಿದ್ದೇನೆ. ಸ್ಟ್ಯಾಂಡಾಫಿಗೆ ಹಾಕಿಲ್ಲ, ಅಲ್ಲಿ ಅರ್ತ್ ಬೇಕು.

ಪವರ್ ಬಟನ್ನಿಗೆ ಒತ್ತಿದಾಗ ಮಾತ್ರ ಸೇರುವ ಯಾವ ಚಿಕ್ಕ ಪುಷ್ ಸ್ವಿಚ್ಚೂ ಆಗುತ್ತದೆ. ಎರಡೇ ವಯರ್, ಯಾವುದು ಯಾವ ಪಿನ್ನಿಗೆ ಹಾಕಿದರೂ ನಡೆಯುತ್ತದೆ.

ಪೇಂಟ್ ಇನ್ನೂ ಹಚ್ಚಿಲ್ಲ. ಆಟಿ ತಿಂಗಳ ಮಳೆ ಬಿಟ್ಟು ಎರಡು ದಿನ ಗಟ್ಟಿ ಬಿಸಿಲು ಬಂದಾಗ ಹಚ್ಚಬೇಕು. ಅದಕ್ಕೆ ಮೊದಲು ನಾಲ್ಕು ಸ್ಟ್ಯಾಂಡಾಫಿನ ಸುತ್ತ, ಪವರ್ ಸಪ್ಲೈಯ ಸ್ಕ್ರೂಗಳ ಸುತ್ತ ಟೇಪ್ ಅಂಟಿಸಿ ಇಟ್ಟಿದ್ದೇನೆ.